ಯಾರೂ ಕೂರದ ಕಟ್ಟೆ

ನಮ್ಮ ಮೇಡಮ್ಮರ ಬಲಗೈ ಉಗುರುಗಳ ಸಂದಿಯಲ್ಲಿ ಯಾವಾಗಲೂ ಕೆಂಪು ಗರಸು ಮಣ್ಣು ಕೂತಿರುತ್ತಿತ್ತು. ಇಳಕಲ್ಲ ಸೀರೆ ಉಟ್ಟು ಕಾಲೇಜಿನ ಸಮಾರಂಭಕ್ಕೆ ಬಂದರೂ ಉಗುರು ಮಾತ್ರ ಹಾಗೇ. ವಾಸ್ತುಶಿಲ್ಪ ಕಲಿಸುವವರು ರಟ್ಟು, ಥರ್ಮಾಕೋಲು ಕತ್ತರಿಸಿ ಮಾದರಿ ಮಾಡಿಸುವುದು ರೂಢಿ. ಇವರು ಇಟ್ಟಂಗಿಹಾಳದ ಕಡೆಯಿಂದ ಸ್ಕೂಟರಿನ ಮುಂದೆ ಚೀಲದಲ್ಲಿ ಗರಸು ಹೇರಿಕೊಂಡು ಬಂದು, ನೀರು ಕಲೆಸಿ, ಮೇಜಿನ ಮೇಲೆ ಗುಡ್ಡ ಮಾಡಿ, ಅದರೊಳಗೆ ಊರು ಕೊರೆಯಿರಿ ಅನ್ನುತ್ತಿದ್ದರು. ಭೂಮಿಯ ಮೇಲಿನ ಊರಲ್ಲ, ಮಂಗಳ ಗ್ರಹದ ಊರು.

ವಿಜಯಪುರದಲ್ಲಿ ಅವರ ಕೈಕೆಳಗೆ ಓದಿದವರೆಲ್ಲ ಕೊನೆಯ ವರ್ಷ ಆ ಒಂದೇ ಊರಿಗೆ ದುಡಿದವರು. ಹಿಂದಿನ ತಂಡ ಬಿಟ್ಟುಹೋದ ನಕ್ಷೆಯೇ ಮುಂದಿನ ತಂಡದ ಕೈಗೆ ಬರುತ್ತಿತ್ತು. ಸೇರಿಸಬಹುದು, ಅಳಿಸುವಂತಿಲ್ಲ. ಹಿಂದಿನವರ ಯಾವುದೋ ಓಣಿ ಸೊಟ್ಟಗಿದೆಯೆಂದು ನಾನು ರಬ್ಬರು ತೆಗೆದರೆ ಮೇಡಮ್ಮರು ಕೈ ಹಿಡಿದರು.

"ಅಲ್ಲಿ ಮಂದಿ ಬಾಳೇ ಮಾಡಾಕತ್ತಾರಬೇ. ಅವರನ್ನ ಎಬ್ಬಿಸಿ ಎಲ್ಲಿ ಹಾಕ್ತಿ?"

ಕಾಗದದ ಮೇಲಿನ ಮಂದಿಯ ಬಗ್ಗೆ ಇಷ್ಟು ಕಾಳಜಿಯಿದ್ದ ಹೆಂಗಸಿಗೆ ನಮ್ಮ ಹಾಜರಾತಿಯ ವಿಷಯದಲ್ಲಿ ಮಾತ್ರ ಕರುಣೆ ಅನ್ನುವುದೇ ಇರಲಿಲ್ಲ.

ಅವರ ತವರು ತಿಕೋಟಾ, ದ್ರಾಕ್ಷಿ ಬೆಳೆಯುವ ಮನೆತನ. ಸಸಿಗಳನ್ನು ಹಸಿರು ಬಲೆಯ ನೆರಳಲ್ಲಿ ಬೆಳೆಸಿ, ಮೊದಲು ಬೆಳಗಿನ ಹೊತ್ತಷ್ಟೇ ಬಲೆ ಸರಿಸಿ, ಆಮೇಲೆ ಮಧ್ಯಾಹ್ನದ ತನಕ ಬಿಟ್ಟು, ಬಿಸಿಲಿಗೆ ಹದ ಮಾಡಿ ಹೊಲಕ್ಕೆ ಒಯ್ಯುವುದನ್ನು ನೋಡುತ್ತ ಬೆಳೆದವರು. ಅವರ ಮಂಗಳದ ಊರಿನ ಲೆಕ್ಕಾಚಾರವೂ ಅದೇ. ಆಕಾರ ಮಾತ್ರ ಅವರು ಸೊಸೆಯಾಗಿ ಹೋದ ಬಬಲೇಶ್ವರದ ಹಳೇ ಮನೆಯದು. ಎಲ್ಲಕ್ಕಿಂತ ಒಳಗೆ ದೇವರಮನೆ, ಆಮೇಲೆ ನಡುಮನೆ, ಪಡಸಾಲೆ, ಹೊರಗೆ ಕಟ್ಟೆ. ಮೊದಲು ಹೋದವರು ಗುಡ್ಡದ ಹೊಟ್ಟೆಯಲ್ಲಿ, ನಮ್ಮ ನೆಲದಷ್ಟೇ ದಟ್ಟವಾದ ಗಾಳಿಯಲ್ಲಿ ಇರಬೇಕು. ಅವರ ಮಕ್ಕಳು ಹುಟ್ಟುವುದು ನಡುಮನೆಯಲ್ಲಿ, ಅಲ್ಲಿ ಗಾಳಿ ಕೊಂಚ ತೆಳು, ಚಳಿ ಕೊಂಚ ಹೆಚ್ಚು. ಮೊಮ್ಮಕ್ಕಳು ಪಡಸಾಲೆಗೆ. ಹೊಸ್ತಿಲಿಗೊಂದು ಪೀಳಿಗೆ. ನಾವು ಅವಸರ ಮಾಡಿದರೆ "ಸಾವಕಾಶ" ಅನ್ನುವರು. "ಮೈಗಿ ತಿಳಿಸಿ ಹೇಳಬೇಕು. ಬೈದು ಹೇಳಿದ್ರ ಅದು ಕೇಳಾಂಗಿಲ್ಲ."

ನಮ್ಮ ತಂಡದ ಪಾಲಿಗೆ ಬಂದದ್ದು ಕಟ್ಟೆ. ಗುಡ್ಡದ ಬಾಯಿಗೆ, ಬಟ್ಟಬಯಲಿನಲ್ಲಿ ಉದ್ದಕ್ಕೆ ಒಂದು ಕಲ್ಲುಕಟ್ಟೆ ಬರೆದೆವು. ಎಲ್ಲ ಬಾಗಿಲುಗಳೂ ಒಂದೇ ಸಾಲಿನಲ್ಲಿ, ದೇವರಮನೆಯಿಂದಲೂ ಕಟ್ಟೆ ಕಾಣಬೇಕು. ಪರೀಕ್ಷೆಗೆ ಬೇರೆ ಊರಿನಿಂದ ಬಂದ ಪರೀಕ್ಷಕರು ಅದನ್ನು ನೋಡಿ ಕನ್ನಡಕ ತೆಗೆದರು.

"ಹೊರಗೆ ಉಸಿರಾಡಲು ಗಾಳಿಯೇ ಇಲ್ಲ. ಅಲ್ಲಿ ಕಟ್ಟೆ ಯಾರಿಗೆ?"

ನಮ್ಮ ಹಿಂದೆ ನಿಂತಿದ್ದ ಮೇಡಮ್ಮರೇ ಬಾಯಿ ಬಿಟ್ಟರು. "ಮನಿ ಅಂದಮ್ಯಾಲ ಕಟ್ಟಿ ಇರ್ತೈತ್ರಿ. ಈಗ ಯಾರೂ ಕುಂಡ್ರಾಂಗಿಲ್ಲ, ಖರೆ. ಆದ್ರ ಎಲ್ಲಿಗಿ ಹೊಂಟೇವಿ ಅಂತ ಒಳಗಿನವರಿಗಿ ಕಾಣಬೇಕಲ್ರಿ?"

"ಇಂಥ ತಪ್ಪನ್ನು ಈ ಕಡೆಯವರು ಮಾತ್ರ ಮಾಡಬಲ್ಲರು" ಎಂದು ನಕ್ಕು ಪರೀಕ್ಷಕರು ಅಂಕ ಕಡಿದರು. ಮೇಡಮ್ಮರು ಅಂದು ಸಂಜೆ ನಮಗೆಲ್ಲ ಮಿರ್ಚಿ ಭಜಿ ತಿನ್ನಿಸಿದರು. ಕಟ್ಟೆಯನ್ನು ಮಾತ್ರ ಅಳಿಸಲು ಬಿಡಲಿಲ್ಲ.

ನಿವೃತ್ತಿಯಾಗಿ ಬಬಲೇಶ್ವರಕ್ಕೆ ಹೋದ ಮೇಲೆ ಅವರಿಗೆ ಶ್ವಾಸಕೋಶ ಗಟ್ಟಿಯಾಗುವ ರೋಗ ಬಂತು. ನಾನು ನೋಡಲು ಹೋದಾಗ ದೇವರಮನೆಯ ಬಗಲಿನ ಕೋಣೆಯಲ್ಲಿ, ಮೂಗಿಗೆ ಆಮ್ಲಜನಕದ ನಳಿಗೆ ಹಾಕಿಕೊಂಡು ಮಲಗಿದ್ದರು. ಯಂತ್ರ ಗುಂಯ್ ಅನ್ನುತ್ತಿತ್ತು. ಉಗುರುಗಳು ಸ್ವಚ್ಛವಾಗಿದ್ದವು. ಅದನ್ನು ಕಂಡೇ ನನಗೆ ಅಳು ಬಂತು.

ಡಾಕ್ಟರು ಓಡಾಟ ಬೇಡವೆಂದಿರಲಿಲ್ಲ, ಭರವಸೆಯನ್ನೂ ಕೊಟ್ಟಿರಲಿಲ್ಲ. ಅವರ ಯಜಮಾನರಿಗೆ ಧೂಳಿನ ಭಯ. ಮೇಡಮ್ಮರಿಗೆ ಬೇರೆಯದೇ ಭಯ. "ಒಳಗ ರೂಢಿ ಆತಂದ್ರ ಮುಗೀತಬೇ. ಮತ್ತ ಹೊರಗ ಬರೂದು ಆಗಾಂಗಿಲ್ಲ." ಹಾಸಿಗೆಯಿಂದ ಬಾಗಿಲುಗಳ ಸಾಲಿನ ಆಚೆ ಕಟ್ಟೆಯ ಮೇಲಿನ ಬಿಸಿಲು ಕಾಣುತ್ತಿತ್ತು. ಅಲ್ಲಿಗೆ ಮುಟ್ಟಬೇಕು, ಅಷ್ಟೇ ಅವರಿಗೆ ಬೇಕಾಗಿದ್ದದ್ದು.

ಮುಂದಿನ ಸಲ ಹೋದಾಗ ನಡುಮನೆಯ ಕುರ್ಚಿಯಲ್ಲಿದ್ದರು. "ನಾ ಈಗ ಎರಡನೇ ಪೀಳಿಗಿಯಾಕಿ" ಎಂದು ನಗಲು ಹೋಗಿ ಕೆಮ್ಮಿದರು. ಒಂದೆರಡು ಹೆಜ್ಜೆ, ಕೂರುವುದು, ಮತ್ತೆ ಒಂದೆರಡು ಹೆಜ್ಜೆ. ಮಳೆಗಾಲ ಮುಗಿಯುವ ಹೊತ್ತಿಗೆ ಪಡಸಾಲೆಗೆ ಬಂದರು. ಅಲ್ಲಿಂದ ಮುಂದೆ ನಳಿಗೆಯ ಉದ್ದ ಸಾಲಲಿಲ್ಲ. ಹಳೇ ಮನೆ, ತಲಬಾಗಿಲ ಹತ್ತಿರ ಕರೆಂಟಿನ ಸೌಲಭ್ಯವಿರಲಿಲ್ಲ. ವಿಜಯಪುರದ ಅರ್ಧ ಬಡಾವಣೆಗೆ ಮನೆ ಬರೆದುಕೊಟ್ಟವಳು ನಾನು. ಅವರಿಗೆ ಮಾಡಿಕೊಡಲು ಸಾಧ್ಯವಾದದ್ದು ಒಂದು ಪ್ಲಗ್ಗು. ತೊರವಿಯಿಂದ ಕರೆಂಟಿನ ಕೆಲಸದವನನ್ನು ಕರೆದುಕೊಂಡು ಹೋಗಿ ತಲಬಾಗಿಲ ಬಗಲಿಗೇ ಹಾಕಿಸಿದೆ.

ಯಂತ್ರ ಬಾಗಿಲಿಗೆ ಬಂತು, ಮೇಡಮ್ಮರು ಹೊಸ್ತಿಲು ದಾಟಿದರು. ಒಂದು ಕಡೆ ಯಜಮಾನರು, ಒಂದು ಕಡೆ ನಾನು. ಕಟ್ಟೆಯ ಮೇಲೆ ಕೂತು ಬಹಳ ಹೊತ್ತು ಕಣ್ಣು ಮುಚ್ಚಿಕೊಂಡಿದ್ದರು. ಮೇವಿನ ಹೊರೆ ಹೊತ್ತು ಹೊರಟಿದ್ದ ಎದುರುಮನೆಯ ಮುದುಕಿ ಹೊರೆ ಇಳಿಸಿ ಪಕ್ಕದಲ್ಲಿ ಬಂದು ಕೂತಳು.

"ಎಷ್ಟ ದಿನಾ ಆತ್ರಿ ಅಕ್ಕಾರ, ಈ ಕಟ್ಟಿ ನೋಡಿ ನೋಡಿ ಹೋಗ್ತಿದ್ನಿ" ಅಂದಳು.

ಮೇಡಮ್ಮರು ಅವಳ ಕೈ ಹಿಡಿದುಕೊಂಡೇ ನನ್ನ ಕಡೆ ತಿರುಗಿದರು. ಮಾತು ತುಂಡು ತುಂಡಾಗಿ ಬಂತು. "ನಳಿಗಿ ಹಾಕ್ಕೊಂಡು... ಕುಂಡ್ರಬಹುದು ನೋಡ. ಅವತ್ತ ಪರೀಕ್ಷಕರಿಗಿ ಹೇಳಾಕ... ನನಗ ಹೊಳೀಲೇ ಇಲ್ಲ." ಸ್ವಲ್ಪ ಸುಧಾರಿಸಿಕೊಂಡು ಮತ್ತೆ ಅಂದರು. "ಮಂಗಳದ ಊರಿನ ಕಟ್ಟಿ ಬಗಲಾಗ ಗಾಳಿ ನಳಾ ಬರಿ. ಎರಡ ಬರಿ. ಒಂದು ಕುಂತಾವರಿಗಿ, ಒಂದು ಬಂದಾವರಿಗಿ."

ಆ ಚಳಿಗಾಲವೆಲ್ಲ ಅವರು ದಿನಾ ಕಟ್ಟೆಗೆ ಬಂದರು. ಬೇಸಿಗೆಯ ಬಿಸಿಲು ಏರುವ ಮುಂಚೆ ತೀರಿಕೊಂಡರು. ನಮ್ಮ ಕಡೆಯ ಪದ್ಧತಿಯಂತೆ ಹೂವು, ವಿಭೂತಿಯಿಂದ ಸಿಂಗರಿಸಿ ಅವರನ್ನು ಕೂರಿಸಿದ್ದರು, ಅದೇ ಕಟ್ಟೆಯ ಮೇಲೆ. ಯಂತ್ರ ಸುಮ್ಮನಿತ್ತು. ಎದುರುಮನೆಯ ಮುದುಕಿ ಯಾರು ಕರೆದರೂ ಏಳದೆ ಅವರ ಪಕ್ಕದಲ್ಲೇ ಕೂತಿದ್ದಳು.

ಈಗ ನಾನು ವಾರಕ್ಕೊಮ್ಮೆ ಅದೇ ಕಾಲೇಜಿನಲ್ಲಿ ಪಾಠ ಮಾಡುತ್ತೇನೆ. ನಕ್ಷೆ ತಂಡದಿಂದ ತಂಡಕ್ಕೆ ಹೋಗುತ್ತಲೇ ಇದೆ. ಈ ವರ್ಷ ಒಬ್ಬಳು ಕಟ್ಟೆಯ ಹತ್ತಿರ ಬೆರಳಿಟ್ಟು, "ಇಲ್ಲಿ ಒಂದ ಗಾಳಿ ನಳಾ ಸಾಕಲ್ರಿ ಮೇಡಂ, ಇನ್ನೊಂದು ಅಳಸ್ಲ್ಯಾ?" ಎಂದು ಕೇಳಿದಳು.  ಅವಳ ಕೈಯಿಂದ ರಬ್ಬರು ಇಸಿದುಕೊಂಡೆ.

"ಅಳಸಬ್ಯಾಡ" ಅಂದೆ. "ಅಲ್ಲಿ ಯಾರೋ ಬಂದು ಕುಂತಾರ."