ಏನಾದ್ರೂ ಸರಿ

ಅಕ್ಕಿ ತೊಳೆದು ನೆನೆ ಹಾಕಿದ್ದು ಹಿಂದಿನ ರಾತ್ರಿಯೇ, ಅದನ್ನು ಬೆಳಗಿನ ಕೆಲಸಕ್ಕೆ ಸೇರಿಸುವುದು ಬೇಡ. ನಾಲ್ಕೂಮುಕ್ಕಾಲಿಗೆ ಎದ್ದ ಇತ್ಸುಕೊ ಮೊದಲು ಅನ್ನದ ಪಾತ್ರೆಯ ಕೆಳಗೆ ಉರಿ ಹಚ್ಚಿದಳು. ಮನೆಯವರೆಲ್ಲ ಮಿಂದು ತೊಟ್ಟಿಯಲ್ಲಿ ಉಳಿಸಿದ್ದ ನೀರನ್ನು ಕೊಳವೆ ಹಾಕಿ ಬಟ್ಟೆ ಒಗೆಯುವ ಯಂತ್ರಕ್ಕೆ ಎಳೆದಳು. ಅತ್ತೆಯ ಹಲ್ಲಿನ ಸೆಟ್ಟನ್ನು ಉಜ್ಜಿ ಬೇರೆ ನೀರಿನಲ್ಲಿ ಇಟ್ಟಳು. ಅಂದು ಮಂಗಳವಾರ, ಸುಡುವ ಕಸದ ದಿನ. ಚೀಲ ಕಟ್ಟಿ ಬೀದಿಯ ಕೊನೆಗೆ ಒಯ್ದು, ಕಾಗೆ ಕುಕ್ಕದ ಹಾಗೆ ಬಲೆ ಮುಚ್ಚಿ ಬಂದಳು. ಹುಳಿಸಿದ ಸೋಯಾ ಹಿಟ್ಟಿನ ಮಿಸೊ ಸಾರಿಗೆ ಮೂಲಂಗಿ ಹೆಚ್ಚಿದಳು. ಅನ್ನ ಅರಳಿದ ಮೇಲೆ ಮೊದಲ ತುತ್ತನ್ನು ಪುಟ್ಟ ಬಟ್ಟಲಿಗೆ ಹಾಕಿ, ಮೊದಲ ಲೋಟ ಚಹಾದ ಜೊತೆ ಹಿರಿಯರ ಗೂಡಿನಲ್ಲಿ ಮಾವನ ಫೋಟೋದ ಮುಂದಿಟ್ಟು ಗಂಟೆ ಬಾರಿಸಿದಳು. ಅಂಗೈ ಒದ್ದೆ ಮಾಡಿಕೊಂಡು, ಉಪ್ಪು ಸವರಿಕೊಂಡು, ಅನ್ನದುಂಡೆ ಒತ್ತಲು ನಿಂತಾಗ ಮನೆಯಲ್ಲಿ ಇನ್ನೂ ಯಾರೂ ಎದ್ದಿರಲಿಲ್ಲ.

ಗಂಡ ಯಸುಹಿಕೊನಿಗೆ ಎರಡು, ಸಾಲ್ಮನ್ ಮೀನು ಹಾಕಿದವು. ಅಂಚೆ ಕಚೇರಿಗೆ ಹೋಗುವ ಮಗಳು ಚಿಕಾಗೆಗೆ ಎರಡು, ಉಪ್ಪಲ್ಲಿ ಹಾಕಿದ ಹುಳಿ ಉಮೆ ಕಾಯಿಯವು. ಅತ್ತೆ ತೊಮೆಗೆ ಒಂದು, ಮೆತ್ತಗೆ, ಚಿಕ್ಕದು, ಒಳಗೆ ಬೇಯಿಸಿದ ಕೊಂಬು ಎಂಬ ಕಡಲಪಾಚಿ. ಯಸುಹಿಕೊ ಚಹಾ ಯಂತ್ರದ ಕಾರ್ಖಾನೆಯಿಂದ ನಿವೃತ್ತನಾಗಿ ವರ್ಷವಾಗಿತ್ತು. ನಿವೃತ್ತನಾದದ್ದು ಅವನು; ಅವನ ಬುತ್ತಿಗೆ ಮಾತ್ರ ಯಾರೂ ಬಿಡುವು ಕೊಟ್ಟಿರಲಿಲ್ಲ. ಐದು ಉಂಡೆ ಮುಗಿಯುವಷ್ಟರಲ್ಲಿ ಹೂರಣದ ಬಟ್ಟಲುಗಳು ಖಾಲಿ. ಆರನೆಯದು ಇತ್ಸುಕೊಳದು. ಪಾತ್ರೆಗೂ ಸೌಟಿಗೂ ಅಂಟಿದ್ದನ್ನು ಕೆರೆದು ಒತ್ತಿದ್ದು, ಒಳಗೆ ಏನೂ ಇಲ್ಲದ್ದು, ನಿಂತೇ ತಿನ್ನುವುದು. ಮೂವತ್ತನಾಲ್ಕು ವರ್ಷ ಹೀಗೇ ನಡೆದಿತ್ತು. ಅವಳು ಯಾರ ಹತ್ತಿರವೂ ಇದನ್ನು ದೂರಿಕೊಂಡವಳಲ್ಲ. ಹೇಳಿಕೊಳ್ಳಬಹುದಾದ ಸಂಗತಿ ಎಂದೇ ಅವಳಿಗೆ ತೋಚಿರಲಿಲ್ಲ.

ಅಂದು ಆರನೆಯದು ಇರಲಿಲ್ಲ. ನಗರಸಭೆಯವರ ಆರೋಗ್ಯ ತಪಾಸಣೆ; ಹಿಂದಿನ ರಾತ್ರಿ ಒಂಬತ್ತರಿಂದ ನೀರು ಬಿಟ್ಟು ಏನೂ ಮುಟ್ಟಬಾರದೆಂದು ಚೀಟಿಯಲ್ಲಿ ಬರೆದಿತ್ತು. ಹೊರಡುವಾಗ ಹಾಸಿಗೆಯ ಮೇಲೆ ಎದ್ದು ಕೂತಿದ್ದ ತೊಮೆ ಸೊಸೆಯ ತೋಳು ಹಿಡಿದೆಳೆದಳು. ಎಂಬತ್ತೊಂಬತ್ತರ ಮುದುಕಿ, ಹಲ್ಲು ಇನ್ನೂ ಲೋಟದಲ್ಲೇ ಇತ್ತು.

"ರಕ್ತ ಕೊಟ್ಟಾದ್ಮೇಲೆ ಎಲ್ಲಾದ್ರೂ ಕೂತು ತಿನ್ನು. ಓಡ್ಕೊಂಡು ಬರಬೇಡ."

"ಮನೇಲಿ ಅನ್ನ ಇದೆಯಲ್ಲ ಅತ್ತೆ."

"ಮನೇಲಿ ಯಾವಾಗ್ಲೂ ಇರತ್ತೆ. ಸಾಲು ಉದ್ದ ಇತ್ತು ಅಂತ ಹೇಳು. ನಾನು ಹೌದು ಅಂತೀನಿ."

ಯಸುಹಿಕೊ ಬಾಗಿಲ ತನಕ ಬಂದು, ಮಧ್ಯಾಹ್ನ ಹನ್ನೆರಡಕ್ಕೆ ಬರುತ್ತೀಯ ತಾನೆ ಎಂದು ಕೇಳಿದ. ತಾಯಿಯನ್ನು ಒಂಟಿ ಬಿಡುವಂತಿರಲಿಲ್ಲ, ಹಾಗಾಗಿ ಅಂದು ಅವನ ಚದುರಂಗದ ಕೂಟ ತಪ್ಪಿತ್ತು. "ಉಂಡೆ ಮೇಜಿನ ಮೇಲಿದೆ, ಸಾರು ಒಲೆ ಮೇಲಿದೆ. ಹನ್ನೊಂದು ಇಪ್ಪತ್ತರ ಬಸ್ಸಿಗೆ ಬಂದು ಬಿಸಿ ಮಾಡಿಕೊಡ್ತೀನಿ," ಎಂದು ಅವಳು ಹೊರಟಳು.

ಹತ್ತು ಗಂಟೆಗೆಲ್ಲ ರಕ್ತ ಕೊಟ್ಟಾಗಿತ್ತು. ತೋಳಿಗೆ ಹತ್ತಿ ಒತ್ತಿಕೊಂಡು ಆಸ್ಪತ್ರೆಯ ಹಿಂದಿನ ಓಣಿಗೆ ಬಂದಾಗ ಹಸಿವು ಅವಳನ್ನು ಗಕ್ಕನೆ ಹಿಡಿದುಕೊಂಡಿತು. ಓಣಿಯ ತುಂಬ ಬೆಂದ ಅನ್ನದ ವಾಸನೆ, ಅದರ ಮೇಲೊಂದು ಎಳೆ ಹೊಸ ಚಹಾದ ಪರಿಮಳ. ಮೇ ತಿಂಗಳು, ಶಿಮಾದಾ ಎಂಬ ಆ ಊರಿಗೆ ಊರೇ ಹೊಸ ಚಹಾ ಎಲೆಯನ್ನು ಹಬೆಯಲ್ಲಿ ಬೇಯಿಸುವ ಕಾಲ. ಅರ್ಧ ತೆರೆದ ಬಾಗಿಲಿನಿಂದ ಆವಿ ಬರುತ್ತಿತ್ತು. ಇತ್ಸುಕೊ ಆ ಬಾಗಿಲಿನಿಂದಲೇ ಒಳಗೆ ಹೋದಳು.

ಅದು ಅನ್ನದುಂಡೆ ಅಂಗಡಿಯೊಂದರ ಹಿತ್ತಿಲ ಬಾಗಿಲು. ಗಿರಾಕಿಗಳದ್ದು ಆ ಕಡೆ, ದೊಡ್ಡ ರಸ್ತೆಗೆ, ನೀಲಿ ಪರದೆ ಕಟ್ಟಿದ್ದು. ಇತ್ಸುಕೊಳಿಗೆ ಅದು ಹೊಳೆಯಲೇ ಇಲ್ಲ. ಮದುವೆಯಾದಂದಿನಿಂದ ಯಾವ ನೆಂಟರ ಮನೆಯ ತಿಥಿಗೆ ಹೋದರೂ ಸೊಸೆಯಂದಿರು ಒಳಗೆ ಹೋಗುವುದು ಅಡುಗೆಮನೆಯ ಬಾಗಿಲಿನಿಂದ, ಚೀಲದಲ್ಲಿ ಮಡಿಸಿಟ್ಟ ಏಪ್ರನ್ ಜೊತೆ. ಆ ಏಪ್ರನ್ ಆ ಹೊತ್ತೂ ಅವಳ ಚೀಲದಲ್ಲಿತ್ತು.

ಒಳಗೆ ಎಪ್ಪತ್ತರ ಆಸುಪಾಸಿನ ಗಿಡ್ಡ ಹೆಂಗಸೊಬ್ಬಳು ತಿರುಗಿಯೂ ನೋಡದೆ ಅಂದಳು: "ಬಂದ್ಯಾ ತಾಯಿ, ಬದುಕಿದೆ! ಮೊದಲ್ನೇ ದಿನವೇ ತಡ ಅಂತ ಬಯ್ಯೋಕೂ ಪುರುಸೊತ್ತಿಲ್ಲ. ಆ ಮೂಲಂಗಿ ಹೆಚ್ಚು. ತಟ್ಟೆಗೆ ಎರಡೇ ಹೋಳು."

ಅಲ್ಲ, ನಾನು... ಎಂದು ಇತ್ಸುಕೊ ಬಾಯಿ ತೆರೆದದ್ದು ನಿಜ. ಅಷ್ಟರಲ್ಲಿ ಮುಂದಿನಿಂದ ಯಾರೋ, "ಕಿನುಯೊ ಅಜ್ಜೀ, ಎರಡು ಕಾಡ್ ಮೀನಿನ ಮೊಟ್ಟೆ, ಒಂದು ಉಮೆ!" ಎಂದು ಕೂಗಿದರು. ಚಾಕು ಅಲ್ಲೇ ಇತ್ತು. ಉಪ್ಪಲ್ಲಿ ಹಾಕಿದ ಹಳದಿ ಮೂಲಂಗಿ ಹಲಗೆಯ ಮೇಲೆ ಕಾದಿತ್ತು. ಕೈ ಮನಸ್ಸನ್ನು ಕೇಳಲಿಲ್ಲ. ಏಪ್ರನ್ ಕಟ್ಟಿಕೊಂಡಳು, ಹೆಚ್ಚಿದಳು, ತಟ್ಟೆಗೆ ಎರಡೆರಡು ಜೋಡಿಸಿದಳು. ಒಂದು ಹೋಳಿಟ್ಟರೆ 'ಆಳನ್ನು ಕಡಿ' ಎಂದೂ ಮೂರಿಟ್ಟರೆ 'ಮೈ ಕಡಿ' ಎಂದೂ ಕೇಳಿಸುತ್ತದೆ ಅವರ ಮಾತಿನಲ್ಲಿ, ಅಪಶಕುನ. ಆ ಊರಿನ ಯಾವ ಹೆಂಗಸಿಗೂ ಅದನ್ನು ಕಲಿಸಬೇಕಾಗಿಲ್ಲ. ಲೋಟ ತೊಳೆದಳು. ಕೇಳದೆಯೇ ಸಿಂಕಿನ ಜಾಲರಿ ಬಿಚ್ಚಿ ಅದನ್ನೂ ತಿಕ್ಕಿದಳು.

ಕಿನುಯೊ ಉಂಡೆ ಒತ್ತುವುದನ್ನು ಇತ್ಸುಕೊ ಓರೆಗಣ್ಣಿನಲ್ಲಿ ನೋಡಿದಳು. ಮೂರೇ ಸಲ ಒತ್ತು, ಮೂರು ಮೂಲೆ ನಿಲ್ಲುವಷ್ಟು. ಅನ್ನದ ನಡುವೆ ಉಸಿರು ಹಾಗೇ ಉಳಿಯುತ್ತಿತ್ತು. ತಾನು ಒತ್ತುವುದು ಗಟ್ಟಿ. ಮಗಳ ಅಂಚೆ ಚೀಲದಲ್ಲಿ ನಾಲ್ಕು ತಾಸು ಕೂತು ಒಡೆಯಬಾರದಲ್ಲ. ಇಲ್ಲಿಯದು ಕೈಯಿಂದ ಬಾಯಿಗೆ ಹೋಗುವಷ್ಟೇ ಹೊತ್ತು ಬಾಳಿದರೆ ಸಾಕು. ಗಿರಾಕಿ ಹೂರಣದ ಹೆಸರು ಹೇಳುವ ತನಕ ಕಿನುಯೊ ಅನ್ನವನ್ನು ಮುಟ್ಟುತ್ತಿರಲಿಲ್ಲ. ಮೊದಲೇ ಒತ್ತಿ ಸಾಲಾಗಿ ಇಟ್ಟದ್ದು ಒಂದೂ ಇರಲಿಲ್ಲ.

ನಲವತ್ತು ನಿಮಿಷ ಹೀಗೆ ಕಳೆಯಿತು. ಅಂಗಡಿಯ ಫೋನ್ ರಿಂಗಾಯಿತು.

"ಏನೂ? ಸೊಂಟ ಹಿಡ್ಕೊಂಡಿದ್ಯಾ?" ಕಿನುಯೊ ಫೋನನ್ನು ಕಿವಿಗೂ ಭುಜಕ್ಕೂ ಸಿಕ್ಕಿಸಿಕೊಂಡಿದ್ದಳು. "ಇವತ್ತು ಬರಲ್ವಾ? ಹಂಗಾದ್ರೆ ಇಲ್ಲಿ ಮೂಲಂಗಿ ಹೆಚ್ತಾ ಇರೋದು ಯಾರು?"

ಫೋನ್ ಇಟ್ಟು ತಿರುಗಿದಳು. ಇತ್ಸುಕೊ ಒದ್ದೆ ಕೈಯನ್ನು ಏಪ್ರನ್ನಿಗೆ ಒರೆಸಿಕೊಳ್ಳುತ್ತ ನಿಂತಳು.

"ಯಾರಮ್ಮ ನೀನು?"

"ನಾನು... ತಿನ್ನೋಕೆ ಬಂದೆ."

ಕಿನುಯೊ ಅವಳ ತೋಳಿನ ಹತ್ತಿಯನ್ನೂ ಅಂಟುಪಟ್ಟಿಯನ್ನೂ ನೋಡಿದಳು. "ತಪಾಸಣೆಯಿಂದ? ಅಂದ್ರೆ ನಿನ್ನೆ ರಾತ್ರಿಯಿಂದ ಉಪವಾಸ?"

"ಹೂಂ."

"ನಲವತ್ತು ನಿಮಿಷ ಅನ್ನದ ಎದುರಿಗೇ ನಿಂತಿದ್ದು ಹಸಿವು ಅನ್ನಲಿಲ್ವಲ್ಲ! ನೀನೇನು ಮನುಷ್ಯಳೋ, ಅಡುಗೆಮನೆಯ ಕಂಬವೋ?"

ಮುಂದೆ ಕೂತು ಚಹಾ ಹೀರುತ್ತಿದ್ದ ಟ್ಯಾಕ್ಸಿಯ ಮಸುದ ಪಕ್ಕನೆ ನಕ್ಕು ಮೂಗಿಗೆ ಚಹಾ ಹತ್ತಿಸಿಕೊಂಡ. ಇತ್ಸುಕೊಳಿಗೂ ನಗು ಬಂತು, ಕಿವಿ ಕೆಂಪಾಯಿತು. ಕಿನುಯೊ ಅವಳ ಬೆನ್ನ ಹಿಂದಿನ ಗಂಟು ತಾನೇ ಬಿಚ್ಚಿ, ಏಪ್ರನ್ ಮಡಿಸಿ ಕೈಗೆ ಕೊಟ್ಟು, ಭುಜ ಹಿಡಿದು ಗಿರಾಕಿಗಳ ಕಡೆಯ ಎತ್ತರದ ಸ್ಟೂಲಿನ ಮೇಲೆ ಕೂರಿಸಿದಳು. ಕೆಟಲಿಯ ಕೊನೆಯ ಹನಿಯ ತನಕ ಅಲುಗಿಸಿ ಹೊಸ ಚಹಾ ಬಗ್ಗಿಸಿದಳು. ಹಸಿರು, ತುಸು ಮಂದ, ನಾಲಿಗೆಯ ಬದಿಯಲ್ಲಿ ಸಿಹಿ. ಇನ್ನೊಬ್ಬರು ಬಗ್ಗಿಸಿದ ಚಹಾ.

"ಹೇಳು. ಯಾವುದು?"

"ಏನಾದ್ರೂ ಸರಿ."

ಕಿನುಯೊ ಗೋಡೆಯ ಕಡೆ ಕೈ ಮಾಡಿದಳು. ಅಲ್ಲಿ ಮೊಳೆಗಳಿಗೆ ನೇತುಹಾಕಿದ ಮರದ ಚೀಟಿಗಳು, ಒಂದೊಂದರ ಮೇಲೆ ಒಂದೊಂದು ಹೂರಣದ ಹೆಸರು. "ಇಪ್ಪತ್ತೆರಡು ಇವೆ. 'ಏನಾದ್ರೂ' ಅನ್ನೋದು ಅದರಲ್ಲಿಲ್ಲ. ನಮ್ಮಲ್ಲಿ ಮಾಡೋಲ್ಲ."

"ಹಾಗಾದ್ರೆ ಸಾಲ್ಮನ್."

"ನಿಂಗಿಷ್ಟವಾ?"

"ಮನೆಯವರಿಗೆ..."

"ಮನೆಯವರು ಎಲ್ಲಿದ್ದಾರೆ? ಸ್ಟೂಲ್ ಕೆಳಗೆ?"

"ಹಾಗಾದ್ರೆ ಕೊಂಬು. ಅಲ್ಲ, ಅದು ಅತ್ತೇದು. ಉಮೆ..." ಎಂದು ನಿಲ್ಲಿಸಿದಳು. "ಮಗಳದು," ಎಂದಳು ಇತ್ಸುಕೊ, ಮೆಲ್ಲಗೆ.

"ನಿನ್ನ ಬಾಯಲ್ಲಿ ಇಡೀ ಮನೆ ಕೂತುಬಿಟ್ಟಿದೆಯಲ್ಲೇ. ನಿನಗೇ ಜಾಗ ಇಲ್ಲ."

"ಸಾಲ್ಮನ್ನೇ ತಗೊಳ್ಳಿ ಅಕ್ಕಾ," ಎಂದ ಮಸುದ. "ಎಲ್ಲರೂ ಅದನ್ನೇ ತಗೊಳ್ಳೋದು. ಯೋಚನೇನೇ ಬೇಡ."

"ನೀನು ಸುಮ್ನಿರೋ. ಮೂವತ್ತು ವರ್ಷ ನಿನ್ನ ಹೆಂಡ್ತಿ ನಿನ್ನ ಪರವಾಗಿ ಯೋಚನೆ ಮಾಡಿದಾಳೆ, ಅದಕ್ಕೇ ಹೀಗಾಗಿದೀಯ."

ಆಗ ಇತ್ಸುಕೊಳ ಚೀಲದಲ್ಲಿ ಮೊಬೈಲ್ ಹಾಡಿತು. ಯಸುಹಿಕೊ.

"ಲೇ, ಚಹಾ ಡಬ್ಬಿ ಎಲ್ಲಿದೆ?"

"ಒಲೆ ಪಕ್ಕದ ಕಪಾಟು, ಮೇಲಿನ ಅರೆ."

"ಇಲ್ಲ ಇಲ್ಲಿ."

ಹಿಂದಿನಿಂದ ತೊಮೆಯ ದನಿ, ಹಲ್ಲಿಲ್ಲದ ಗಾಳಿಯ ಜೊತೆ, ಸ್ಪಷ್ಟವಾಗಿ ಕೇಳಿಸಿತು: "ನಿನ್ನ ಮೂಗಿನ ಮುಂದೇ ಇದೆಯಲ್ಲೋ! ಮೂಗು ಕೊಟ್ಟೋಳು ನಾನೇ, ನಂಗೊತ್ತು ಎಷ್ಟುದ್ದ ಅಂತ!"

"ಆಂ, ಸಿಕ್ತು," ಎಂದ ಯಸುಹಿಕೊ. "ಎಷ್ಟು ಹಾಕ್ಬೇಕು? ಇರ್ಲಿ ಬಿಡು, ನೀನು ಬಂದ್ಮೇಲೆ ಮಾಡು. ಇನ್ನೂ ಮುಗೀಲಿಲ್ವಾ?"

ಇತ್ಸುಕೊ ತೋಳಿನ ಹತ್ತಿಯನ್ನು ಒತ್ತಿಕೊಂಡಳು. "ಸಾಲು ಉದ್ದ ಇದೆ," ಎಂದಳು.

"ಹನ್ನೊಂದು ಇಪ್ಪತ್ತರ ಬಸ್ಸು ತಪ್ಪಿಸ್ಕೋಬೇಡ. ಆಮೇಲಿಂದು ಒಂದು ಗಂಟೆಗೇ."

ಫೋನನ್ನು ಮಡಿಲಲ್ಲಿಟ್ಟುಕೊಂಡಳು. ಅವನು ಕೆಟ್ಟವನಲ್ಲ. ಸಂಬಳದ ಲಕೋಟೆಯನ್ನು ಒಡೆಯದೆ ತಂದು ಕೊಟ್ಟವನು, ಅವಳಿಗೆ ಜ್ವರ ಬಂದಾಗ ಮಂಚದ ಬದಿಯಲ್ಲಿ ಗಂಟೆಗಟ್ಟಲೆ ಕೂತವನು. ಕೂತೇ ಇದ್ದು, ರಾತ್ರಿ ಊಟಕ್ಕೇನು ಎಂದು ಅವಳನ್ನೇ ಕೇಳಿದವನು. ಒಂದು ಗಂಟೆಯ ಬಸ್ಸಿಗೆ ಹೋದರೆ ಸಾರು ತಣ್ಣಗಿರುತ್ತದೆ, ಚಹಾ ಇರುವುದಿಲ್ಲ, ಅವನು ಮಾತನಾಡುವುದಿಲ್ಲ. ಮಾತನಾಡದ ಆ ಸಂಜೆಯನ್ನು ಹೊರುವವಳು ಅವಳೇ. ಗೋಡೆಯ ಗಡಿಯಾರ ಹನ್ನೊಂದೂ ಹತ್ತು ತೋರಿಸುತ್ತಿತ್ತು. ನಿಲ್ದಾಣ ಎದುರಿಗೇ, ಗಾಜಿನ ಆಚೆ.

"ಕಟ್ಟಿ ಕೊಡ್ತೀರಾ? ಮನೇಲಿ ತಿಂತೀನಿ," ಎಂದಳು.

"ಕೊಡ್ತೀನಿ. ಯಾವುದು?"

ಮತ್ತೆ ಅಲ್ಲಿಗೇ ಬಂದಿತ್ತು. ಮನೆಗೆ ಒಯ್ದರೆ ಅದನ್ನು ಬಿಚ್ಚುವ ಕೈ ಯಾರದೆಂದು ಅವಳಿಗೆ ಗೊತ್ತು. ಏನು ತಂದೆ, ತೋರಿಸು, ಒಂದು ಮೂಲೆ ಕೊಡು. ಕೊನೆಗೆ ಅವಳ ಪಾಲಿಗೆ ಹೂರಣ ಮುಟ್ಟದ ಅಂಚು.

ಒಳಗೆ ಪಾತ್ರೆಯ ಮುಚ್ಚಳ ತಟಪಟ ಎನ್ನತೊಡಗಿತು. ಕಿನುಯೊ ಅತ್ತ ತಿರುಗಿದಳು. "ಎರಡನೇ ಅನ್ನ ಇಳಿಸ್ಬೇಕು. ಬಸ್ಸಿಗೆ ಹೋಗೋದಾದ್ರೆ ಹೋಗು ತಾಯಿ, ನಂಗೇನೂ ಬೇಜಾರಿಲ್ಲ. ಹೆಚ್ಚಿದ ಮೂಲಂಗಿಗೆ ಮಾತ್ರ ಋಣಿ. ಹೋಗಲ್ಲ ಅಂದ್ರೆ ಇಲ್ಲಿಂದ್ಲೇ ಕೂಗಿ ಹೇಳು, ಒತ್ತಿ ತರ್ತೀನಿ. 'ಏನಾದ್ರೂ' ಅಂತ ಕೂಗಿದ್ರೆ ನಂಗೆ ಕಿವಿ ಕೇಳಲ್ಲ." ಅಡುಗೆಮನೆಯ ಪರದೆ ಸರಿಸಿ ಒಳಗೆ ಹೋದಳು. ಮಸುದನಿಗೂ ಸವಾರಿ ಬಂತು. ಟೋಪಿ ತಲೆಗಿಟ್ಟು, ಅವಳಿಗೊಮ್ಮೆ ತಲೆಬಾಗಿಸಿ ಹೊರಟ.

ಅಂಗಡಿಯಲ್ಲಿ ಇತ್ಸುಕೊ ಒಬ್ಬಳೇ ಉಳಿದಳು.

ಬಲದಿಂದ ಎಡಕ್ಕೆ ಚೀಟಿಗಳನ್ನು ಓದಿದಳು. ಸಾಲ್ಮನ್, ಉಮೆ, ಕೊಂಬು, ಅವು ಅವಳವಲ್ಲ, ಬಿಟ್ಟಳು. ಒಣಮೀನಿನ ತುರಿ, ಅದು ಬದುಕಿದ್ದಾಗ ಮಾವನದು. ಕಾಡ್ ಮೊಟ್ಟೆ ಬೆಲೆ ಜಾಸ್ತಿಯೆಂದು ಹೊಸವರ್ಷಕ್ಕೆ ಮಾತ್ರ ತರುತ್ತಿದ್ದರು, ಅದೂ ತಟ್ಟೆಯಲ್ಲಿ ಅವಳ ತನಕ ಬರುತ್ತಿರಲಿಲ್ಲ. ಶುಂಠಿ ಹಾಕಿದ ಕಪ್ಪೆಚಿಪ್ಪು ಬೇಡ ಅನಿಸಿತು. ಬೇಡ ಅನಿಸಿದ್ದು ಅವಳಿಗೇ ಸೋಜಿಗವಾಯಿತು. ಆ 'ಬೇಡ' ಇಷ್ಟು ದಿನ ಎಲ್ಲಿತ್ತು? ಗುಲಾಬಿ ಸೀಗಡಿಯ ಮೇಲೆ ಕಣ್ಣು ನಿಂತಿತು. ಸುರುಗಾ ಕೊಲ್ಲಿಯದು, ಈಗಲೇ ಅದರ ಕಾಲ. ಚಿಕಾಗೆಗೆ ಮೈ ತುರಿಸುತ್ತದೆಂದು ಇಪ್ಪತ್ತು ವರ್ಷದಿಂದ ಮನೆಗೆ ಬಂದಿರಲಿಲ್ಲ. ಚೆನ್ನಾಗಿರುತ್ತದೆ, ಅವಳಿಗೆ ನೆನಪಿತ್ತು. ಅದರ ಮುಂದಿನ ಚೀಟಿ ಅಕ್ರೋಟು ಮಿಸೊ. ಅಕ್ರೋಟನ್ನು ಅನ್ನದೊಳಗಿಟ್ಟು ಅವಳು ಯಾವತ್ತೂ ತಿಂದಿರಲಿಲ್ಲ. ಇಷ್ಟವಾದೀತೋ ಇಲ್ಲವೋ ಅವಳನ್ನು ಕೇಳಿದರೆ ಅವಳಿಗೇ ಗೊತ್ತಿಲ್ಲ. ಹೇಳಬಲ್ಲವರು ಬೇರೆ ಯಾರೂ ಇರಲಿಲ್ಲ.

ಬಸ್ಸು ಬಂದು ನಿಂತಿತು. ಬಾಗಿಲು ತೆರೆದುಕೊಂಡಿತು. ಇತ್ಸುಕೊಳ ಒಂದು ಕಾಲು ತಾನಾಗಿ ಸ್ಟೂಲಿನಿಂದ ಇಳಿದು ನೆಲ ಮುಟ್ಟಿತು. ಅವಳು ಅದನ್ನು ಎತ್ತಿ ಮತ್ತೆ ಅಡ್ಡಪಟ್ಟಿಯ ಮೇಲಿಟ್ಟಳು. ಹತ್ತಲು ಯಾರೂ ಇಲ್ಲದೆ ಬಾಗಿಲು ಮುಚ್ಚಿಕೊಂಡಿತು, ಬಸ್ಸು ಸೇತುವೆಯ ಕಡೆ ತಿರುಗಿತು.

ಅವಳು ಪರದೆಯ ಕಡೆಗೆ ಮುಖ ಮಾಡಿ, "ಅಕ್ರೋಟು," ಎಂದಳು.

ಒಳಗೆ ಆವಿಯ ಸದ್ದು ಜೋರಾಗಿತ್ತು, ಕೇಳಿಸಲಿಲ್ಲವೇನೋ. ಇತ್ಸುಕೊ ಇನ್ನೊಮ್ಮೆ, ಗಟ್ಟಿಯಾಗಿ ಹೇಳಿದಳು.