ಬೆಳದಿಂಗಳು ತೆಗೆದ ಹಾಡು

ಹದಿನಾಲ್ಕು ವರ್ಷ ಪಾಪ್ ಹಾಡು ಬರೆದವನಿಗೆ ಆ ಕಸುಬಿನ ಮೇಲೆ ಎಳ್ಳಷ್ಟೂ ಗೌರವ ಉಳಿದಿರಲಿಲ್ಲ. ಟ್ಯೂನ್ ಮೊದಲು ಬರುತ್ತಿತ್ತು. ಅದರ ಸಂದಿಗೆ ಕಣ್ಣು, ಜೇನು, ಬೆಳದಿಂಗಳು ಏನಾದರೂ ತುರುಕಿದರೆ ಸಾಕು. ಅರ್ಥ ಕೇಳದೆಯೇ ಕಣ್ಣೀರು ಸುರಿಸಿ ಹಾಡುವ ಗಾಯಕನನ್ನು ಸ್ಟುಡಿಯೋದ ಗಾಜಿನಾಚೆ ಕಂಡಾಗಲೆಲ್ಲ ಮುಖ ತಿರುಗಿಸುತ್ತಿದ್ದ. ಒಂದು ದಿನ ಸಂಗೀತ ನಿರ್ದೇಶಕ, "ಪಲ್ಲವೀಲಿ ಅರ್ಥ ಜಾಸ್ತಿಯಾಯ್ತು, ಸ್ವಲ್ಪ ಕಡಿಮೆ ಮಾಡು" ಅಂದ. ಇವನು ಹಾಳೆ ಮಡಿಸಿ ಜೇಬಿಗಿಟ್ಟುಕೊಂಡು ಎದ್ದುಬಂದ.

ನಾಟಕದ ತಂಡದವರು ಹಾಡು ಬರೆಯಲು ಕರೆದಾಗ, ಇವರಿಗೆ ಎಡಗೈಯಲ್ಲಿ ಬರೆದುಕೊಟ್ಟರೂ ಹೆಚ್ಚೇ ಅಂದುಕೊಂಡ. ತಾಲೀಮು ಶಾಲೆಯೊಂದರ ಊಟದ ಕೋಣೆಯಲ್ಲಿ ನಡೆಯುತ್ತಿತ್ತು. ವಿಧವೆಯ ಪಾತ್ರಕ್ಕೆ ಅವನು ಬರೆದ ಹಾಡನ್ನು ಹಿರಿಯ ನಟಿ ಓದಿ ಕನ್ನಡಕ ತೆಗೆದರು.

"ಚೆನ್ನಾಗಿದೆಯಪ್ಪ. ಆದ್ರೆ ಇವಳು ಸತ್ತ ಗಂಡನ ಅಂಗಿಯ ಹೊಲಿಗೆ ಬಿಚ್ಚಿ ಮಗನಿಗೆ ಹೊಲೀತಾ ಇದಾಳೆ. ಈಗ್ಯಾಕೆ ಬೆಳದಿಂಗಳ ವಿಷಯ ಎತ್ತುತ್ತಾಳೆ?"

"ಹಾಡಲ್ವಾ ಅಮ್ಮ, ಹಾಗೇ ಇರುತ್ತೆ."

"ಹಾಗಾದ್ರೆ ನೀನೇ ಹಾಡ್ಕೋ."

ಎಲ್ಲರೂ ನಕ್ಕರು. ಅವನ ಮುಖ ಕಪ್ಪಿಟ್ಟಿತು. ಊರವರ ಮೇಲೆಲ್ಲ ಕಾರುತ್ತಿದ್ದ ತಿರಸ್ಕಾರ ಈಗ ತನ್ನ ಮೇಲೇ ತಿರುಗಿತು. ಬೆಳದಿಂಗಳನ್ನು ತುರುಕು ಎಂದು ಇಲ್ಲಿ ಯಾವ ನಿರ್ದೇಶಕನೂ ಹೇಳಿರಲಿಲ್ಲ.

ಮೂರು ವಾರ ಹೊಡೆದು ತಿದ್ದಿ ನಾಲ್ಕೇ ಸಾಲು ಉಳಿಸಿದ. ಅದರಲ್ಲಿ ಗುಂಡಿ, ನೂಲು, ಕಾಲರಿನ ಕೊಳೆ ಬಿಟ್ಟರೆ ಬೇರೇನೂ ಇರಲಿಲ್ಲ. ಮೊದಲ ಪ್ರದರ್ಶನದಲ್ಲಿ ಆ ಹಾಡಿಗೆ ಯಾರೂ ಚಪ್ಪಾಳೆ ತಟ್ಟಲಿಲ್ಲ. ಮುಂದಿನ ಸಾಲಿನ ಮುದುಕನೊಬ್ಬ ತನ್ನ ಕಾಲರನ್ನು ಸುಮ್ಮನೆ ಮುಟ್ಟಿಕೊಂಡ.

ಅಂದಿನಿಂದ ಅವನು ನಾಟಕಕ್ಕೇ ಬರೆಯುತ್ತಿದ್ದಾನೆ. ಯಾರಾದರೂ ಹಳೆಯ ಹಾಡುಗಳನ್ನು ಹೊಗಳಿದರೆ ಮಾತ್ರ ಸಿಡುಕುತ್ತಾನೆ: "ಅದನ್ನ ಬರೆದವನು ಮಹಾ ಸೋಮಾರಿ ಕಣ್ರೀ."