ಹಳೇ ವಿಳಾಸ ಹಿಡಿದಿದ್ದ ಫೋನು

"ಓ ನೆಗೆಟಿವ್ ರಕ್ತ ಜಲ್ದಿ ತರಿಸ್ರಿ," ಎಂದು ನರ್ಸ್ ಹೆರಿಗೆ ಕೋಣೆಯ ಬಾಗಿಲು ಹಾಕಿಕೊಂಡರು. ಒಳಗೆ ಅಕ್ಕನಿಗೆ ರಕ್ತಸ್ರಾವ ನಿಲ್ಲುತ್ತಿರಲಿಲ್ಲ. ಹರಿಹರದ ಆ ಆಸ್ಪತ್ರೆಯಲ್ಲಿ ನನ್ನ ಫೋನಿನಲ್ಲಿ ಎಷ್ಟು ಒತ್ತಿದರೂ, ಯಾವ ರಕ್ತನಿಧಿಯಲ್ಲಿ ಯಾವ ರಕ್ತವಿದೆ ಎಂದು ತೋರಿಸುವ ಜಾಲತಾಣ ತೆರೆಯಲಿಲ್ಲ. ಅದರ ಸಹಾಯವಾಣಿಗೆ ಕರೆ ಮಾಡಿದೆ.

"ಮುಂಬೈ ಸರ್ವರ್ ಕೆಟ್ಟೈತ್ರಿ ಅಣ್ಣಾ, ಎಲ್ಲಾರನ್ನೂ ಹೈದರಾಬಾದ್ ಸರ್ವರ್‌ಗೆ ತಿರುಗಿಸೀನಿ," ಎಂದಳು ಆ ಜಾಲತಾಣ ನೋಡಿಕೊಳ್ಳುವ ದಾವಣಗೆರೆಯ ಹುಡುಗಿ. "ನಿಮ್ ಫೋನು ನಮ್ಮ ಮಾವನಂಗೆ, ಮುಂಬೈನ ಹಳೇ ವಿಳಾಸನೇ ಹಿಡ್ಕೊಂಡು ಕುಂತೈತೆ. ಆಫ್ ಮಾಡಿ ಆನ್ ಮಾಡ್ರಿ."

ನನಗಿದ್ದ ಒಂದೇ ಆಸರೆ ಆ ಫೋನು. ಆದರೂ ಆಫ್ ಮಾಡಿದೆ. ಮತ್ತೆ ಹಚ್ಚಿದಾಗ ಪುಟ ತೆರೆಯಿತು. ದಾವಣಗೆರೆಯ ಕೆ.ಬಿ. ಬಡಾವಣೆಯ ರಕ್ತನಿಧಿಯಲ್ಲಿ ಎರಡು ಯೂನಿಟ್ ಓ ನೆಗೆಟಿವ್ ಇತ್ತು. ಆಂಬುಲೆನ್ಸ್ ಹೋಗಿ ತಂದಿತು.

ಅಕ್ಕನೂ ಮಗುವೂ ಮನೆಗೆ ಬಂದಿದ್ದಾರೆ. ಪರದೆ ಕಪ್ಪಾಗಿದ್ದ ಆ ಅರೆ ನಿಮಿಷ ಇಂದಿಗೂ ಕಣ್ಣಮುಂದೆ ಬರುತ್ತದೆ. ಆಗೆಲ್ಲ, ಒಂದೂರಿನ ಯಂತ್ರ ನಿಂತರೆ ಇನ್ನೊಂದೂರಿಗೆ ನಮ್ಮ ದಾರಿ ತಿರುಗಿಸಲು ಒಬ್ಬಳು ಎಚ್ಚರವಾಗಿದ್ದಾಳೆ ಎಂದುಕೊಂಡು ಉಸಿರು ಬಿಡುತ್ತೇನೆ.